ಅಪ್ಪ ಬೆಸೆದ ತೊಟ್ಟಿಲು

ಭಾನುವಾರ, ಮಾರ್ಚ್ 9

ಪ್ರೀತಿಯ ತಂಗಿಗೆ,

ನನ್ನ ಅಕ್ಷರ ಕಾಗೆ ಕಾಲಿನಂತಿದೆ, ತಪ್ಪುಗಳೂ ಇರುತ್ತವೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳೆಂದು ನಗದೆ ಓದು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಬೈಯಬೇಡ.

ಮೊದಲು ಇಷ್ಟು ಕೇಳು. ನಿನಗೆ ಕಳಿಸಿದ ತೊಟ್ಟಿಲಲ್ಲಿ ಹುಟ್ಟುವ ಮಗುವನ್ನು ಮಲಗಿಸಬೇಡ.

ಮೊನ್ನೆ ಸರ್ಕಾರದವರು ಬಂದಿದ್ದರು. ಹಿಂದೆ ಅಣುಬಾಂಬು ಸಿಡಿಸಿ ನೋಡುತ್ತಿದ್ದ ಬಯಲಿನ ಸುತ್ತಲಿನ ಮನೆಗಳನ್ನೆಲ್ಲ ತಪಾಸಣೆ ಮಾಡುತ್ತಿದ್ದಾರೆ. ಕೈಯಲ್ಲಿ ಒಂದು ಯಂತ್ರ. ವಿಕಿರಣ ಇದ್ದಲ್ಲಿ ಟಕಟಕ ಎನ್ನುತ್ತದೆ. ಪಕ್ಕದ ಮನೆಯಾಕೆ, "ನಮ್ಮ ಯಜಮಾನರ ಹತ್ರನೂ ಹಿಡೀರಿ ಸ್ವಾಮಿ, ಮದುವೆ ಆದಾಗಿಂದ ಒಂದು ಶಬ್ದ ಹೊರಡಿಸಿಲ್ಲ" ಎಂದು ಎಲ್ಲರನ್ನೂ ನಗಿಸಿದಳು. ಅಪ್ಪನ ವೆಲ್ಡಿಂಗ್ ಶೆಡ್ಡಿನಲ್ಲಿ ಮಾತ್ರ ಯಾರೂ ನಗಲಿಲ್ಲ. ಮೂಲೆಯ ಪೈಪಿನ ತುಂಡುಗಳ ಬಳಿ ಯಂತ್ರ ಹುಚ್ಚು ಹಿಡಿದಂತೆ ಬಡಿದುಕೊಂಡಿತು.

ನೆನಪಿದೆಯಲ್ಲ, ಬೇಲಿ ಬಿದ್ದ ಮೇಲೆ ಊರಿಗೆ ಊರೇ ಬಯಲಿನಿಂದ ಕಬ್ಬಿಣ ಹೊತ್ತು ತಂದದ್ದು? ಕೋಳಿಗೂಡು, ಕಿಟಕಿಯ ಸರಳು ಎಲ್ಲ ಅದರಲ್ಲೇ. ಹೆಚ್ಚು ಹೊಳೆಯುವ ಪೈಪನ್ನು ಅಪ್ಪ ತೊಟ್ಟಿಲಿಗೆಂದು ಆರಿಸಿದ್ದರು. "ತುಕ್ಕೇ ಹಿಡಿಯಲ್ಲಮ್ಮ, ಮೊಮ್ಮಕ್ಕಳ ಮಕ್ಕಳಿಗೂ ಆಗುತ್ತೆ" ಎಂದಿದ್ದರು.

"ಮಿಕ್ಕ ಪೈಪು ಏನು ಮಾಡಿದ್ರಿ?" ಎಂದು ಬಂದವರು ಕೇಳಿದಾಗ ಅಪ್ಪ ನನ್ನ ಮುಖ ನೋಡಿದರು. ತೊಟ್ಟಿಲಿನ ಸಂಗತಿ ನಾನೇ ಹೇಳಿದೆ.

ಸಂಜೆ ರೇಡಿಯೋದಲ್ಲಿ, ಬಾಂಬು ಕಡಿಮೆ ಮಾಡುವ ಮಾತುಕತೆ ಮತ್ತೆ ಮುಂದಕ್ಕೆ ಹೋಯಿತೆಂದರು. ಅಪ್ಪ ರೇಡಿಯೋ ಆರಿಸಿ, "ದೊಡ್ಡವರು ತಮ್ಮ ಬಾಂಬನ್ನ ಯಾವಾಗಲಾದರೂ ಬಿಚ್ಚಲಿ. ನನ್ನ ತೊಟ್ಟಿಲನ್ನ ಮೊದಲು ಅವಳ ಮನೆಯಿಂದ ತೆಗೆಸು" ಎಂದರು.

ತೊಟ್ಟಿಲನ್ನು ಗುಜರಿಗೆ ಹಾಕಬೇಡ, ಯಾರಿಗೂ ಕೊಡಬೇಡ. ಆ ಕೋಣೆಯ ಬಾಗಿಲು ಹಾಕಿಬಿಡು. ನಿನ್ನ ವಿಳಾಸ ಕೊಟ್ಟಿದ್ದೇನೆ, ಸರ್ಕಾರದವರೇ ಬಂದು ಒಯ್ಯುತ್ತಾರೆ. ಅಪ್ಪನ ಮೇಲೆ ಕೋಪ ಮಾಡಿಕೊಳ್ಳಬೇಡ ಕಣೇ. ಊಟ ಬಡಿಸಿದರೆ ಎರಡು ತುತ್ತಿಗೇ ಎದ್ದುಬಿಡುತ್ತಾರೆ.

ಹೆರಿಗೆ ಸುಸೂತ್ರವಾಗಲಿ. ತಾಯಿ ಮಗು ಇಬ್ಬರೂ ನೂರು ಕಾಲ ಬಾಳಿ.

ನಿನ್ನ ಅಕ್ಕ

ಇನ್ನೊಂದು ಮಾತು. ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನಿನಗೆ ಕಳಿಸುವ ಮೊದಲು ನನ್ನ ಮಗಳು ಅದರಲ್ಲೇ ಎರಡು ವರ್ಷ ಮಲಗಿದ್ದಳಲ್ಲ. ಹಾಲುಹಲ್ಲು ಬಿದ್ದರೆ ತನ್ನಿ, ಮೂಳೆಗೆ ಆ ವಿಷವೇನಾದರೂ ಸೇರಿದ್ದರೆ ಹಲ್ಲಿನಲ್ಲೇ ತಿಳಿಯುತ್ತದೆ, ನೋಡೋಣ ಎಂದಿದ್ದಾರೆ ಡಾಕ್ಟರು. ಇವತ್ತು ಬೆಳಿಗ್ಗೆ ಮುಂದಿನ ಹಲ್ಲು ಬಿತ್ತು. "ಅಮ್ಮಾ, ನಾಲಿಗೆ ಹೊರಗೆ ಬರೋಕೆ ಬಾಗಿಲು ಆಯ್ತು!" ಎಂದು ಕುಣಿದಳು. ನಾನೂ ನಕ್ಕೆ. ಹಲ್ಲನ್ನು ತೊಳೆದು, ಒರೆಸಿ, ಬೆಂಕಿಪೊಟ್ಟಣದಲ್ಲಿಟ್ಟೆ.