ಉಡಿ ತುಂಬಿದ ಫೋಟೊ

ಸೆಪ್ಟೆಂಬರ್ 9, 2024, ಸೋಮವಾರ

ಮಗಳು ಶ್ರೇಯಾಳನ್ನು ಸ್ಕೂಲಿಗೆ ಬಿಟ್ಟು ಸ್ಯಾನ್ ಪೀಡ್ರೊ ಬಂದರಿನ ಹತ್ತಿರದ ಆಫೀಸು ತಲುಪುವಷ್ಟರಲ್ಲಿ ಎಂಟೂವರೆ. ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸುದ್ದಿ ನನಗೊಬ್ಬಳಿಗೇ ಗೊತ್ತಿಲ್ಲ — ಕಂಟೇನರ್‌ಗಳ ಪಿಕಪ್ ಟೈಮ್ ನಿನ್ನೆಯೇ ಬದಲಾಗಿದೆ. ನಾನು ಕಳಿಸಿದ ಟ್ರಕ್‌ಗಳು ಪೋರ್ಟ್ ಗೇಟಿನಿಂದ ಖಾಲಿ ವಾಪಸ್. ಬೈಸಿಕೊಂಡದ್ದು ನಾನು.

ಹೊಸದಾಗಿ ಸೇರಿದ ಅಕ್ಷಯಾ ಪ್ರಿಂಟರ್ ಹತ್ತಿರ ಬಂದು ಪಿಸುಗುಟ್ಟಿದಳು. "ನೀವು ಹೊಸ ಗ್ರೂಪಲ್ಲಿ ಇಲ್ವಾ? ಟೈಮ್ ಚೇಂಜ್ ಎಲ್ಲ ಅದ್ರಲ್ಲೇ ಬರೋದು. ಜಲಜಾಕ್ಷಿ ಅಕ್ಕ ಎಲ್ರನ್ನೂ ಆಡ್ ಮಾಡಿದ್ರಲ್ಲ."

ಎಲ್ಲರನ್ನೂ. ನನ್ನನ್ನು ಬಿಟ್ಟು.

ಸೆಪ್ಟೆಂಬರ್ 12

ಜಲಜಾಕ್ಷಿ ನಮ್ಮ ಟೀಮ್ ಲೀಡ್. ಉಡುಪಿ ಕಡೆಯವರು. ನಾನು ಸೇರಿದಾಗ ಸ್ವಂತ ಅಕ್ಕನಂತೆ ಇದ್ದರು, ಸುಳ್ಳು ಹೇಳಬಾರದು. ಆಗಸ್ಟಿನಲ್ಲಿ ಅವರ ರಿಪೋರ್ಟಿನಲ್ಲಿ ಒಂದು ತಪ್ಪಿದೆ ಎಂದು ಮೀಟಿಂಗಿನಲ್ಲಿ ಹೇಳಿಬಿಟ್ಟೆ. ಎಲ್ಲರೆದುರು. ಅಂದಿನಿಂದ ಶುರು.

ಬೈಯುವುದಿಲ್ಲ. ಜಗಳವಿಲ್ಲ. ನಾನು ಹೋದರೆ ಮಾತು ನಿಲ್ಲುತ್ತದೆ, ಅಷ್ಟೇ. ಇವತ್ತು ಊಟದ ಟೇಬಲಿನಲ್ಲಿ ಉಳಿದ ಒಂದು ಕುರ್ಚಿಯ ಮೇಲೆ ಅವರ ಬ್ಯಾಗ್. ತೆಗೆಯುತ್ತಾರೆಂದು ನಿಂತೆ. ತೆಗೆಯಲಿಲ್ಲ. ಉಳಿದವರೆಲ್ಲ ತಂತಮ್ಮ ಡಬ್ಬಿ ನೋಡಿಕೊಂಡು ಉಂಡರು. ಕಾರಿನಲ್ಲಿ ಕೂತು ರೊಟ್ಟಿ ತಿಂದೆ. ಅಳು ಬಂತು. ನಲವತ್ತರ ಹೆಂಗಸು ಒಂದು ಕುರ್ಚಿಗಾಗಿ ಅಳುವುದೇ...

ಸೆಪ್ಟೆಂಬರ್ 26

ಮ್ಯಾನೇಜರ್ ನಿತ್ಯಾನಂದ ಅವರ ಹತ್ತಿರ ಹೋದೆ. ಪೂರ್ತಿ ಕೇಳಲೇ ಇಲ್ಲ.

"ನೋಡಿ, ಇದು ಲೇಡೀಸ್ ಮ್ಯಾಟರ್. ನಾನು ಮಧ್ಯೆ ಬಂದ್ರೆ ಚೆನ್ನಾಗಿರಲ್ಲ. ನೀವ್‌ನೀವೇ ಸರಿ ಮಾಡ್ಕೊಳ್ಳಿ."

ನಗುತ್ತಿದ್ದರು. ಇಬ್ಬರು ಗಂಡಸರು ಹೀಗೆ ಮಾಡಿದ್ದರೆ ಆಫೀಸ್ ಪಾಲಿಟಿಕ್ಸ್. ಹೆಂಗಸರು ಮಾಡಿದರೆ ನಲ್ಲಿ ಜಗಳ.

ಮನೆಯಲ್ಲಿ ಸೋಮನಾಥ ಬೇರೆ. "ಸ್ವಲ್ಪ ತಡಕೋ. ನಿನ್ನ ನೌಕರಿ ಮ್ಯಾಲೆ ಮೂರೂ ಮಂದಿ ನಿಂತೀವಿ." ಅವರ ಕೆಲಸ ಹೋದ ಮೇಲೆ ಮೂವರೂ ಅಮೆರಿಕದಲ್ಲಿ ಇರುವುದು ನನ್ನ ವೀಸಾ ಮೇಲೆ. ನನ್ನ ಕೆಲಸವೂ ಹೋದರೆ ಗಂಟುಮೂಟೆ ಕಟ್ಟುವುದೇ. ಗಂಡ ನೆನಪಿಸಬೇಕಾಗಿಲ್ಲ.

ಅಕ್ಟೋಬರ್ 1

ಮತ್ತೆ ಟೈಮ್ ಬದಲು, ಮತ್ತೆ ನನಗೆ ಗೊತ್ತಿಲ್ಲ. ಈ ಸಲ ವಾರ್ನಿಂಗ್. ಇನ್ನೊಂದು ಬಂದರೆ ಮನೆಗೆ.

ಎಚ್‌ಆರ್‌ಗೆ ಹೋಗಿ ಕಂಪ್ಲೇಂಟ್ ಕೊಟ್ಟೆ. ಆ ಅಮೆರಿಕನ್ ಹೆಂಗಸು ಒಳ್ಳೆಯವಳು, ತಾಳ್ಮೆಯಿಂದ ಕೇಳಿದಳು. ಅವರು ನಿಮಗೆ ಏನು ಮಾಡಿದರು? ಏನೂ ಮಾಡುವುದಿಲ್ಲ, ಅದೇ ಅವರು ಮಾಡುವುದು — ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಕೊನೆಗೆ ಗ್ರೂಪಿನ ವಿಷಯ ಹೇಳಿದೆ, ಅವರನ್ನು ಕಂಡರೆ ಭಯವಾಗುತ್ತದೆ ಎಂದೂ ಹೇಳಿದೆ. ತಲೆಯಾಡಿಸಿ ಬರೆದುಕೊಂಡಳು. ಅದು ಸೀರಿಯಸ್, ನೋಡುತ್ತೇವೆ ಎಂದಳು. ವಿಚಾರಣೆ ಮುಗಿಯುವವರೆಗೆ ನೀವಿಬ್ಬರೂ ಇದರ ಬಗ್ಗೆ ಮಾತಾಡಕೂಡದು ಎಂದೂ ಹೇಳಿದಳು.

ಮೊದಲ ಸಲ ಯಾರೋ ನಂಬಿದರು ಅನಿಸಿತು.

ಅಕ್ಟೋಬರ್ 4, ಶುಕ್ರವಾರ

ಬಾಗಲಕೋಟೆಯಿಂದ ಅತ್ತೆ ಗುರುಶಾಂತವ್ವನ ಫೋನ್. ಮಗ ಎಲ್ಲ ಹೇಳಿದ್ದಾರೆ. "ದೊಡ್ಡಾಕಿ ಅದಾಳ, ನವರಾತ್ರಿ ಐತಿ. ಹೋಗಿ ಉಡಿ ತುಂಬಿ ಬಾ. ಉಡಿ ತುಂಬಿಸ್ಕೊಂಡಾಕಿ ಹಗಿ ಸಾಧಸಂಗಿಲ್ಲ."

ಸೋಮನಾಥರೂ ಹೂಂಗುಟ್ಟಿದರು. ಎಚ್‌ಆರ್ ಬೇಡ ಅಂದದ್ದು ಆಫೀಸಿನ ಮಾತು. ಹಬ್ಬದಲ್ಲಿ ಮುತ್ತೈದೆಗೆ ಉಡಿ ತುಂಬಲು ಯಾರ ಅಪ್ಪಣೆ ಬೇಕು?

ಅಕ್ಟೋಬರ್ 5

ಆರ್ಟೀಸಿಯಾದ ಇಂಡಿಯನ್ ಅಂಗಡಿಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ ಕೊಂಡು ಲಾಂಗ್ ಬೀಚಿಗೆ, ಜಲಜಾಕ್ಷಿಯ ಮನೆಗೆ. ಕುಬಸದ ಖಣ ಊರಿನದೇ, ಎತ್ತಿಟ್ಟಿದ್ದು.

"ಬಾ ಮಾರಾಯ್ತಿ. ಹಬ್ಬಕ್ಕೆ ನೀನಾದ್ರೂ ಬಂದ್ಯಲ್ಲ."

ಸೆರಗು ಒಡ್ಡಿದರು. ಅಕ್ಕಿ, ಕಾಯಿ, ಖಣ ಹಾಕಿದೆ. ಕಾಲಿಗೂ ಬಿದ್ದೆ. ಕಂಪ್ಲೇಂಟಿನ ಸುದ್ದಿ ಇಬ್ಬರೂ ಎತ್ತಲಿಲ್ಲ. ಅವರೇ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆದರು, ನನಗೂ ಕಳಿಸಿದರು. ಎಷ್ಟು ಹಗುರಾದೆ. ಬರುವಾಗ ಕಾರಿನಲ್ಲಿ ಹಾಡು ಗುನುಗಿಕೊಂಡು ಬಂದೆ.

ಅಕ್ಟೋಬರ್ 9

ಎಚ್‌ಆರ್ ಕರೆದಳು. ಟೇಬಲ್ ಮೇಲೆ ಆ ಫೋಟೊ, ಪ್ರಿಂಟ್ ತೆಗೆದದ್ದು. ನಾನು ಹಲ್ಲು ಬಿಟ್ಟುಕೊಂಡು ನಗುತ್ತಿದ್ದೇನೆ.

ಯಾರನ್ನು ಕಂಡರೆ ಭಯವಾಗುತ್ತದೆ ಅಂದಿರೋ ಅವರ ಮನೆಗೆ ನೀವೇ ಯಾಕೆ ಹೋದಿರಿ? ಅದೂ ಗಿಫ್ಟ್ ಹಿಡಿದುಕೊಂಡು?

ಉಡಿ ಎಂದರೇನು ಅಂತ ವಿವರಿಸಿದೆ. ಅಕ್ಕಿ, ತೆಂಗಿನಕಾಯಿ, ಸೆರಗು... ಹೇಳುತ್ತ ಹೇಳುತ್ತ ನನ್ನ ಕಿವಿಗೇ ಹುಚ್ಚಿಯ ಮಾತಿನಂತೆ ಕೇಳಿಸಿತು. ಜಲಜಾಕ್ಷಿಯ ಉತ್ತರ ಮೊದಲೇ ಬಂದಿತ್ತು: ಗ್ರೂಪಿಗೆ ಸೇರಿಸಲು ಮರೆತದ್ದು ನಿಜ. ನಾವು ಅಕ್ಕ ತಂಗಿಯರ ಹಾಗೆ. ತಪ್ಪು ತನ್ನದೇ ಎಂದು ಅವಳೇ ಬಂದು ಕಾಲಿಗೆ ಬಿದ್ದಳು, ಫೋಟೊ ನೋಡಿ.

ಕೊಟ್ಟವಳು ಕೋಡಂಗಿ, ಇಸ್ಕೊಂಡವಳು ಈರಭದ್ರ.

ಅಕ್ಷಯಾಳನ್ನೂ ಕೇಳಿದರಂತೆ. ತಾನು ಏನೂ ಗಮನಿಸಿಲ್ಲ ಅಂದಳಂತೆ. ಆ ಹುಡುಗಿಗೆ ಲೈಸೆನ್ಸ್ ಇಲ್ಲ, ದಿನಾ ಬರುವುದು ಜಲಜಾಕ್ಷಿಯ ಕಾರಿನಲ್ಲಿ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಅಕ್ಟೋಬರ್ 18

ಕಂಪ್ಲೇಂಟ್ ಕ್ಲೋಸ್. ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಅಂತೆ. ನನ್ನ ವಾರ್ನಿಂಗ್ ಹಾಗೇ ಇರುತ್ತದೆ. ಇಬ್ಬರ ನಡುವೆ ವಿಶ್ವಾಸ ಬೆಳೆಯಲೆಂದು ಇನ್ನು ಪ್ರತಿ ಸೋಮವಾರ ಒನ್-ಆನ್-ಒನ್ ಮೀಟಿಂಗ್. ನಾನು ಮತ್ತು ಜಲಜಾಕ್ಷಿ, ಇಬ್ಬರೇ.

"ನಾನು ಹೇಳಿರ್ಲಿಲ್ವಾ, ಮಾತಾಡಿದ್ರೆ ಸರಿಹೋಗುತ್ತೆ ಅಂತ?" ನಿತ್ಯಾನಂದರಿಗೆ ಖುಷಿಯೋ ಖುಷಿ.

ಶ್ರೇಯಾ ನನ್ನ ಫೋನಿನಲ್ಲಿ ಫೋಟೊ ನೋಡಿದಳು. "ಶೀ ಲುಕ್ಸ್ ಸೋ ನೈಸ್, ಅಮ್ಮ. ಈಸ್ ಶೀ ಯುವರ್ ಫ್ರೆಂಡ್?"

ಹೌದು ಅಂದೆ. ಮತ್ತೇನು ಹೇಳುವುದು ಮಗುವಿಗೆ?

ಅಕ್ಟೋಬರ್ 21, ಸೋಮವಾರ, ಮಧ್ಯಾಹ್ನ, ಕಾರಿನಲ್ಲಿ

ಮೊದಲ ಮೀಟಿಂಗ್ ಆಯಿತು. ಕಿಟಕಿಯಿಲ್ಲದ ಕೋಣೆ. ನಾನು ಕೂರುವ ಮೊದಲೇ ಜಲಜಾಕ್ಷಿ ಎದ್ದು ಬಾಗಿಲು ಹಾಕಿದರು. ನೀರಿನ ಬಾಟಲಿ ನನ್ನ ಕಡೆ ಸರಿಸಿದರು.

"ಈಗ ಯಾರೂ ಇಲ್ಲ. ಹೇಳು ಮಾರಾಯ್ತಿ, ನಾನು ನಿನಗೆ ಎಂತ ಮಾಡಿದ್ದು?"

ಎಲ್ಲ ನಾಲಿಗೆಯ ತುದಿಯಲ್ಲಿತ್ತು. ವೀಸಾ ನೆನಪಾಯಿತು.

"ಏನೂ ಇಲ್ರಿ, ಅಕ್ಕಾ."

"ಹಾಗಾದ್ರೆ ಕಂಪ್ಲೇಂಟ್ ಎಂತಕ್ಕೆ ಕೊಟ್ಟದ್ದು?"

ಅರ್ಧ ಗಂಟೆ ಅದೊಂದೇ ಪ್ರಶ್ನೆ. ಮೆಲ್ಲಗೆ, ನಗುನಗುತ್ತ. ತಪ್ಪಾಯಿತು ಅಂದೆ. ಇನ್ನೊಮ್ಮೆ ಅಂದೆ. ಏಳುವಾಗ ಕ್ಯಾಲೆಂಡರ್ ತೋರಿಸಿದರು, ವರ್ಷದ ಕೊನೆಯವರೆಗೂ ಪ್ರತಿ ಸೋಮವಾರ ಬುಕ್ ಆಗಿದೆ. ತಪ್ಪಾಯಿತು ಅಂತ ಮೊದಲ ದಿನವೇ ಹೇಳಿ ಮುಗಿಸಿದ್ದೇನೆ. ಬರುವ ಸೋಮವಾರ ಮತ್ತೆ ಅದನ್ನೇ ಕೇಳಿದರೆ ಕೊಡಲು ನನ್ನ ಹತ್ತಿರ ಇನ್ನೇನು ಉಳಿದಿದೆ?