ಇವರ ಸಾಡೇಸಾತಿ ಮುಗಿದದ್ದು

ಜೀಡಿಮೆಟ್ಲಾ, ಹೈದರಾಬಾದ್
ಆಗಸ್ಟ್ ೧೮, ೨೦೨೫

ಪ್ರೀತಿಯ ಅತ್ತೆಯವರಿಗೆ ಗಂಗಾಳ ನಮಸ್ಕಾರಗಳು.

ನಿಮ್ಮ ಮೊಣಕಾಲು ನೋವು ಹೇಗಿದೆ? ಬಾಣಂತಿ ನಿಮ್ಮ ಮಗಳು ಸುವರ್ಣಾ. ಅವಳ ಪಕ್ಕದಲ್ಲಿ ನಿಮಗೂ ಹಾಸಿಗೆ ಹಾಸಬೇಕಾಗುವಷ್ಟು ಓಡಾಡಬೇಡಿ. ಕೂಸಿಗೆ ನಿಮ್ಮದೇ ಮೂಗಂತೆ. ಇರಲಿ, ದೊಡ್ಡದಾದ ಮೇಲೆ ಮುಖಕ್ಕೆ ಹೊಂದಿಕೊಳ್ಳುತ್ತದೆ.

ಇಲ್ಲಿಯ ಸುದ್ದಿಯೆಲ್ಲ ನಿಮ್ಮ ಮಗನದೇ. ಕಾರ್ಖಾನೆಯ ಕೆಲಸ ಹೋದ ಮೇಲೆ ಅವರು ಹೇಗಿದ್ದರೆಂದು ನೀವು ನೋಡಿಯೇ ಹೋಗಿದ್ದೀರಿ. ಬಸ್ಸು ತಪ್ಪಿದರೆ ಶನಿ, ಕರೆಂಟು ಹೋದರೆ ಶನಿ, ನಾನು ಬೇಳೆಗೆ ಉಪ್ಪು ಹೆಚ್ಚು ಹಾಕಿದರೂ ಶನಿ. ನನ್ನ ತಪ್ಪನ್ನೂ ನನಗೆ ಬಿಟ್ಟುಕೊಡುತ್ತಿರಲಿಲ್ಲ. ಅಮೀರ್‌ಪೇಟ್‌ನ ಹಾಸ್ಟೆಲ್ ಕೆಳಗೊಂದು ಮಳಿಗೆ ಖಾಲಿಯಾಯಿತು. ಅಲ್ಲಿರುವ ನಮ್ಮ ಕಡೆಯ ಹುಡುಗರು ಜೋಳದ ರೊಟ್ಟಿಗೆ ಬಾಯಿಬಾಯಿ ಬಿಡುತ್ತಾರೆ, ಬಾಡಿಗೆಗೆ ಹಿಡಿದು ರೊಟ್ಟಿ ಮಾರೋಣ ಎಂದೆ. "ಶನಿದು ಏಳೂವರೆ ವರ್ಷದ ಸಾಡೇಸಾತಿ ನಡದೈತಿ. ಮುಟ್ಟಿದ್ದೆಲ್ಲಾ ಮಣ್ಣಾಗತೈತಿ, ನನ್ನ ಹಣೇಬರಾನ ಇಷ್ಟು" ಎಂದು ಹೊದ್ದು ಮಲಗಿದರು. ಸೋಮವಾರದೊಳಗೆ ಹೇಳದಿದ್ದರೆ ಮೊಬೈಲ್ ಅಂಗಡಿಯವನಿಗೆ ಕೊಡುತ್ತೇನೆಂದು ಮಳಿಗೆಯ ಒಡತಿ ಸತ್ಯಭಾಮಾ ಖಡಕ್ಕಾಗಿ ಹೇಳಿದಳು. ನನಗೆ ಅಳುವೇ ಬಂತು, ಅತ್ತೆ. ಮಳಿಗೆ ಹೋದರೆ ಹೋಗಲಿ, ಇವರೇ ಕೈತಪ್ಪಿ ಹೋಗುತ್ತಿದ್ದರು.

ಆ ಶನಿವಾರ ಅವರ ಜಾತಕ ಹಿಡಿದು ಗುಡಿಯ ಜೋಯಿಸರಲ್ಲಿಗೆ ಹೋದೆ. ಬಂದು, ಸಾಡೇಸಾತಿ ಯುಗಾದಿಗೇ ಮುಗಿದಿದೆಯಂತೆ ಎಂದೆ. ಕುಣಿದಾಡುತ್ತಾರೆ ಎಂದುಕೊಂಡಿದ್ದರೆ, ಹತ್ತಿರದ ನೆಂಟ ಹೇಳದೆ ಊರು ಬಿಟ್ಟು ಹೋದಂತೆ ಮುಖ ಬಾಡಿಸಿಕೊಂಡರು. "ಹಂಗಾರ ಯುಗಾದಿಯಿಂದ ಇದನ್ನೆಲ್ಲಾ ಯಾರು ಮಾಡಿದ್ರು?" ಎಂದು ಕೇಳಿದರು. ನಾನು ರೊಟ್ಟಿ ಬಡಿಯುತ್ತಲೇ ಇದ್ದೆ. ಮರುದಿನ ಮಳಿಗೆ ನೋಡಲು ಹೊರಟವರು ಬಸ್ಸು ತಪ್ಪಿಸಿಕೊಂಡು ವಾಪಸು ಬಂದು, "ಚಾ ಕುಡಕೋತ ಕುಂತಿದ್ದೆ. ನಾನ ತಡಾ ಮಾಡಿದೆ" ಎಂದರು. ಮದುವೆಯಾದಾಗಿನಿಂದ ಕೇಳದ ಮಾತು ಅದು! ಸೋಮವಾರ ಮಳಿಗೆ ಹಿಡಿದೆವು.

ಮೊದಲ ದಿನ ಒಂದು ರೊಟ್ಟಿಯೂ ಹೋಗಲಿಲ್ಲ. ಹಿಂದಿನ ಹಾಗಿದ್ದರೆ ಇವರು ಕಂಬಳಿ ಹುಡುಕುತ್ತಿದ್ದರು. ಈ ಸಲ ಬುಟ್ಟಿ ಎತ್ತಿಕೊಂಡು ಹಾಸ್ಟೆಲ್ ಬಾಗಿಲಲ್ಲೇ ನಿಂತು, "ತಿಂದು ನೋಡ್ರಿ! ರುಚಿ ಇಲ್ಲಂದ್ರ ನನ್ನ ಬೈರಿ, ಬ್ಯಾರೆ ಯಾರೂ ಇಲ್ಲ" ಎಂದು ಕೂಗಿದರು. ಹುಡುಗರು ನಕ್ಕರು, ತಿಂದರು, ಮರುದಿನ ಗೆಳೆಯರನ್ನೂ ಕರೆತಂದರು. ಈಗ ಮಧ್ಯಾಹ್ನಕ್ಕೇ ಬುಟ್ಟಿ ಖಾಲಿ. ಜೊತೆಗೆ ಜಂಬವೂ ಬಂದಿದೆ. "ಮನಸು ಗಟ್ಟಿ ಇದ್ರ ಗ್ರಹ ಏನ್ ಮಾಡ್ತಾವ?" ಎಂದು ಮೊನ್ನೆ ನನಗೇ ಉಪದೇಶ ಮಾಡಿದರು. ಹೌದೌದು ಎಂದೆ.

ಕೂಸಿಗೆ ಮುತ್ತು, ಸುವರ್ಣಾಳಿಗೆ ನನ್ನ ನೆನಪು ಹೇಳಿ. ಬಾಣಂತನ ಮುಗಿಸಿ ಬೇಗ ಬನ್ನಿ, ಇಲ್ಲಿ ರೊಟ್ಟಿ ಬಡಿಯಲು ಕೈ ಸಾಲದಾಗಿದೆ.

ನಿಮ್ಮ ಸೊಸೆ
ಗಂಗಾ

ತಾ.ಕ.: ಇದನ್ನು ನೀವೊಬ್ಬರೇ ಓದಿ. ಫೋನಿನಲ್ಲಿ ಹೇಳೋಣವೆಂದರೆ ಇವರು ಮಗ್ಗುಲಲ್ಲೇ ಇರುತ್ತಾರೆ. ಸಾಡೇಸಾತಿ ಇನ್ನೂ ಎರಡು ವರ್ಷ ಬಾಕಿ ಇದೆ ಎಂದೇ ಜೋಯಿಸರು ಹೇಳಿದ್ದು, ಮುಗಿಸಿದವಳು ನಾನು. ಬರುವಾಗ ನಿಮ್ಮ ಪಂಚಾಂಗ ಅಲ್ಲೇ ಬಿಟ್ಟು ಬನ್ನಿ. ಪ್ರತಿ ಶನಿವಾರ ನಾನೇ ಗುಟ್ಟಾಗಿ ಗುಡಿಗೆ ಹೋಗಿ ಶನಿದೇವರಿಗೆ ಎಣ್ಣೆ ಹಾಕಿ, "ಇದ್ರ ಇರಪ್ಪಾ, ಆದ್ರ ಇವರ ಕಣ್ಣಿಗೆ ಮಾತ್ರ ಬೀಳಬ್ಯಾಡ" ಎಂದು ಕೈ ಮುಗಿದು ಬರುತ್ತಿದ್ದೇನೆ.