ರೇಣುಕಾಳ ನೋಟೀಸಿಗೆ ನೀನು ಬರೆದ ಉತ್ತರ

ಮಲ್ಕಾಜ್‌ಗಿರಿ, ಹೈದರಾಬಾದ್
ಬುಧವಾರ, ೧೦ ಜುಲೈ ೨೦೨೪

ಪ್ರೀತಿಯ ತಮ್ಮ ಮಹೇಶಕುಮಾರನಿಗೆ,

ಅಕ್ಕನ ಆಶೀರ್ವಾದಗಳು. ಮೊಣಕಾಲು ನೋವು ಹೇಗಿದೆ? ಸಕ್ಕರೆ ಕಾಯಿಲೆಯ ಗುಳಿಗೆ ತಪ್ಪಿಸಬೇಡ. ಕಾಲೇಜಿನಲ್ಲಿ ಯಾರ ಹುಟ್ಟುಹಬ್ಬವಾದರೂ ಮೊದಲು ಕೇಕು ತಿನ್ನುವವನು ನೀನೇ ಎಂದು ನಿನ್ನ ಹೆಂಡತಿ ಹೇಳಿದಳು. ನನ್ನ ಕಣ್ಣಿನ ಆಪರೇಷನ್ನಿನ ಪಟ್ಟಿ ಬಿಚ್ಚಿ ಎಂಟು ದಿನವಾಯಿತು. ಈಗ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ, ನಿನ್ನ ಬರವಣಿಗೆ ಸಮೇತ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಈ ಪತ್ರ.

ನನ್ನ ಮಗಳು ರೇಣುಕಾ ಕೊಂಡಾಪುರದ ಆ ಕಚೇರಿಯಲ್ಲಿ ಬಂದುಹೋಗುವವರನ್ನು ವಿಚಾರಿಸುವ ಕೆಲಸಕ್ಕೆ ಸೇರಿ ಎರಡು ವರ್ಷ. ಕಳೆದ ತಿಂಗಳು ಅಲ್ಲಿ ಒಂದು ಲ್ಯಾಪ್‌ಟಾಪ್ ಕಳುವಾಯಿತು. ಆ ಹೊತ್ತಿನಲ್ಲಿ ಮೇಜು ಬಿಟ್ಟು ಹೋಗಿದ್ದೆಯಾ ಎಂದು ಮ್ಯಾನೇಜರು ರೇಣುಕಾಗೆ ನೋಟೀಸು ಕೊಟ್ಟರು. ಹುಡುಗಿ ಕೂತಲ್ಲಿಂದ ಎದ್ದಿರಲಿಲ್ಲ. ಉತ್ತರ ನಾನು ಹೇಳುತ್ತೇನೆ, ನೀನು ಬರೆದುಕೋ ಎಂದು ಅವಳಿಗೆ ಹೇಳಿದೆ. ಅಷ್ಟರಲ್ಲಿ ಬೀದರಿನಿಂದ ಇಂಗ್ಲಿಷ್ ಪ್ರಾಧ್ಯಾಪಕರ ಫೋನು ಬಂತು. "ಅಕ್ಕಾ, ನಿಂದು ಗುಮಾಸ್ತರ ಇಂಗ್ಲಿಷ್ ಐತಿ, ಬಿಡು. ನಾನು ಘನವಾಗಿ ಬರದು ಕಳಸ್ತೀನಿ" ಎಂದು ನಕ್ಕೆಯಲ್ಲ, ನೆನಪಿದೆಯೇ?

ಬರೆದೆಯಪ್ಪ, ಎರಡೂವರೆ ಪುಟ. ಅವಳು ಮೇಜು ಬಿಟ್ಟಿರಲಿಲ್ಲವೆಂದು ಮೇಲ್ನೋಟಕ್ಕೆ ಕಂಡುಬರುತ್ತದಂತೆ, ಆದರೂ ಬಿಟ್ಟಿರಬಹುದಾದ ಸಾಧ್ಯತೆಯನ್ನು ಸಂಪೂರ್ಣವಾಗಿ ತಳ್ಳಿಹಾಕಲಾಗದಂತೆ. ಕೂತವಳು ಅವಳು, ಸಂಶಯ ನಿನಗೆ! ಕೆಲಸದ ಸ್ಥಳವೆಂದರೇನು ಎಂಬುದಕ್ಕೇ ಒಂದು ಪ್ಯಾರಾ, ಅದಕ್ಕೊಂದು ಅಡಿಟಿಪ್ಪಣಿ. ನಾನು ರೈಲ್ವೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಟೈಪು ಕುಟ್ಟಿದವಳು. ಏನಾಯಿತು, ಯಾವಾಗ ಆಯಿತು, ಈಗ ಏನಾಗಬೇಕು, ಕಚೇರಿಯ ಇಂಗ್ಲಿಷಿಗೆ ಇಷ್ಟೇ ಬೇಕು. ಸಾಹೇಬರ ಚಹಾ ಆರುವುದರೊಳಗೆ ಓದಿ ಮುಗಿಯಬೇಕು. ನಿನ್ನ ಕಾಲೇಜಿನ ಇಂಗ್ಲಿಷಿಗೆ ಹೌದು ಎನ್ನಲೂ ಹೆದರಿಕೆ, ಅಲ್ಲ ಎನ್ನಲೂ ಹೆದರಿಕೆ. ಸಂಶೋಧನೆಗೆ ಅದೇ ಸರಿ ಇರಬಹುದು, ಅಲ್ಲೇ ಇಟ್ಟುಕೋ. ಇನ್ನು ಮಾತಿನ ಇಂಗ್ಲಿಷಿನ ಸುದ್ದಿಗಂತೂ ನೀನು ಬರಲೇಬೇಡ. ರೇಣುಕಾ ಲಿಫ್ಟಿನಲ್ಲಿ ಅರ್ಧ ಹಿಂದಿ, ಕಾಲು ತೆಲುಗು ಬೆರೆಸಿ ಆಡಿದರೂ ಎದುರಿನವರು ನಗುತ್ತ ಉತ್ತರ ಕೊಡುತ್ತಾರೆ. ನೀನು ಮಣಿಕೊಂಡದ ಹೋಟೆಲಿನಲ್ಲಿ ಬಿಸಿನೀರು ಕೇಳಲು ಕಟ್ಟಿದ ವಾಕ್ಯಕ್ಕೆ ಬಡಿಸುವವನು ಹೆದರಿ ಮಾಲೀಕನನ್ನೇ ಕರೆತಂದಿದ್ದ.

ಮ್ಯಾನೇಜರಿಗೆ ತಳ್ಳಿಹಾಕಲಾಗದು ಎಂಬ ಆ ಒಂದು ಸಾಲು ಸಾಕಾಯಿತು. ತಪ್ಪು ಒಪ್ಪಿಕೊಂಡಿದ್ದಾಳೆ ಎಂದುಕೊಂಡರು. ಸೋಮವಾರ ಕೊನೆಯ ವಿಚಾರಣೆ, ಅಲ್ಲಿಯವರೆಗೆ ಕೆಲಸಕ್ಕೆ ಬರಬೇಡ ಎಂದಿದ್ದಾರೆ. ಹುಡುಗಿ ಮೂರು ದಿನದಿಂದ ಸರಿಯಾಗಿ ಉಂಡಿಲ್ಲ. ನನಗೆ ಹೊಟ್ಟೆ ಉರಿಯುತ್ತದೆ ಮಹೇಶ. ಚಿಕ್ಕಂದಿನಲ್ಲಿ ನಿನಗೆ ಎಬಿಸಿಡಿ ತಿದ್ದಿಸಿದವಳು ನಾನೇ. ಆಗ ಆ ಕೈಗೆ ಇನ್ನೆರಡು ಏಟು ಹಾಕಬೇಕಿತ್ತು.

ನಿನ್ನ ಹೆಂಡತಿಗೆ ನನ್ನ ನೆನಪು ತಿಳಿಸು. ಪೂರ್ವಿ ಚೆನ್ನಾಗಿ ಓದಲಿ, ಅಪ್ಪನ ಹಾಗೆ ಬರೆಯದಿರಲಿ. ದೇವರು ನಿನಗೆ ಆರೋಗ್ಯ ಕೊಡಲಿ, ಜೊತೆಗೆ ಸ್ವಲ್ಪ ಬುದ್ಧಿಯನ್ನೂ.

ನಿನ್ನ ಅಕ್ಕ,
ಸುಂದರಾಬಾಯಿ

ತಾ.ಕ.: ಪಕ್ಕದ ಮನೆಯ ಭೀಮಾಶಂಕರ ಬೀದರ್ ಬಸ್ಸಿಗೆ ಹೊರಟಿದ್ದಾನೆ, ಪತ್ರಕ್ಕಾಗಿ ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಇದನ್ನು ನಿನಗೆ ಹೇಳಬಾರದೆಂದು ರೇಣುಕಾ ಆಣೆ ಮಾಡಿಸಿದ್ದಾಳೆ. ಮ್ಯಾನೇಜರು ಅವಳನ್ನು, "ಇದು ನಿನ್ನ ಇಂಗ್ಲಿಷಲ್ಲ, ಯಾರು ಬರೆದುಕೊಟ್ಟರು ಹೇಳು, ಬೇರೆ ಉತ್ತರ ಕೊಡಲು ಬಿಡುತ್ತೇನೆ" ಎಂದು ಕೇಳಿದ್ದರಂತೆ. ಇವಳು ನಾನೇ ಬರೆದೆ ಎಂದುಬಿಟ್ಟಳು. ಯಾಕೆ ಎಂದು ಬೈದರೆ, "ನಮ್ಮ ಮಾಮಾನ ಇಂಗ್ಲಿಷಿಗೆ ಅವರು ನಗಬಾರದು ಅವ್ವಾ" ಎಂದಳು. ಸೋಮವಾರ ಹತ್ತು ಗಂಟೆಗೆ ಕೊಂಡಾಪುರಕ್ಕೆ ಬಾ. ಅದನ್ನು ಬರೆದವನು ನಾನು, ಅವಳು ಮೇಜು ಬಿಟ್ಟಿರಲಿಲ್ಲ ಎಂದು ಅವರೆದುರು ನಿಂತು ಹೇಳು. ಎಲ್ಲೂ ಬಹುಶಃ ಅನ್ನಬೇಡ.